ಇಪ್ಪತ್ತೆರಡನೆಯ ನಂಬರಿನ ಇಂಜಿನು

ಕಲ್ಕತ್ತ, ಬೊಂಬಾಯಿ, ಮದರಾಸು ಈ ಮೂರೂ ವಿಶ್ವವಿದ್ಯಾನಿಲಯಗಳು ಹುಟ್ಟಿದ್ದು 1857ರಲ್ಲಿ ಎಂಬುದನ್ನು ನಾವೆಲ್ಲರೂ ಪರೀಕ್ಷೆಗಾಗಿ ಉರುಹೊಡೆದವರೇ. ಆ ಮೂರಕ್ಕೂ ಎರಡು ವರ್ಷ ಹಿರಿದಾದ ಒಂದು ವಸ್ತು ನಮ್ಮ ದೇಶದಲ್ಲಿದೆ. ಅದು ಕಬ್ಬಿಣದ್ದು; ನೀರು ಕುಡಿಯುತ್ತದೆ, ಕಲ್ಲಿದ್ದಲು ತಿನ್ನುತ್ತದೆ; ತನ್ನ 162ನೆಯ ವಯಸ್ಸಿನಲ್ಲಿ ದೆಹಲಿಯಿಂದ ರೇವಾರಿಯವರೆಗೆ ಉಗಿಯ ಬಲದಿಂದಲೇ ಓಡಿದೆ. ಲೋಕ ಅದನ್ನು ‘ಫೇರಿ ಕ್ವೀನ್’ ಎಂದು ಕರೆಯುತ್ತದೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ಕಿನ್ನರಿಯರ ರಾಣಿ. ಆದರೆ ಈ ಚೆಂದದ ಹೆಸರು ಅದಕ್ಕೆ ಬಂದದ್ದು 1895ರಲ್ಲಿ, ಹುಟ್ಟಿ ನಲವತ್ತು ವರ್ಷ ದುಡಿದಾದ ಮೇಲೆ. ಅಲ್ಲಿಯವರೆಗೆ ಅದು ಈಸ್ಟ್ ಇಂಡಿಯನ್ ರೈಲ್ವೆ ಕಂಪೆನಿಯ 22ನೆಯ ನಂಬರಿನ ಇಂಜಿನು, ಅಷ್ಟೆ. ನನಗೇಕೋ ಆ ನಂಬರೇ ಹೆಚ್ಚು ಹಿಡಿಸುತ್ತದೆ. ಈ ಬರಹದಲ್ಲಿ ಹಾಗೆಯೇ ಕರೆಯುತ್ತೇನೆ.

ಕಾಲೇಜಿನ ವಾರ್ಷಿಕ ಸಂಚಿಕೆಗೆ ಬರೆಯುವವರು ಸಾಮಾನ್ಯವಾಗಿ ಬೆಳದಿಂಗಳನ್ನೋ, ಹಾಸ್ಟೆಲಿನ ಸಾರನ್ನೋ, ಅದೂ ಅಲ್ಲದಿದ್ದರೆ ವಿದ್ಯಾರ್ಥಿಗಳ ಕರ್ತವ್ಯವನ್ನೋ ಆರಿಸಿಕೊಳ್ಳುತ್ತಾರೆ. ಬಿ.ಎ. ತರಗತಿಯಲ್ಲಿ ಇತಿಹಾಸ ಓದುವ ನಾನು ಇಂಜಿನನ್ನು ಆರಿಸಿಕೊಂಡೆನೆಂದರೆ ಗೆಳೆಯರು ನಗಬಹುದು. ನಮ್ಮ ಮನೆಗೆ ಅನ್ನ ಹಾಕಿದ್ದೇ ರೈಲು. ತಾತ ಅರಸೀಕೆರೆಯ ಶೆಡ್ಡಿನಲ್ಲಿ ಮೀಟರ್ ಗೇಜ್ ಇಂಜಿನುಗಳ ಮೇಲೆ ಫೈರ್‌ಮನ್ ಆಗಿದ್ದರು; ತಂದೆ ಈಗಲೂ ಹಳಿಯ ಮೇಲೆ ಸುತ್ತಿಗೆ ಹೊತ್ತು ನಡೆಯುವವರು. ಆದ್ದರಿಂದ ಗ್ರಂಥಾಲಯದಲ್ಲಿ ರೈಲಿನ ಪುಸ್ತಕ ಕಂಡರೆ ನನ್ನ ಕೈ ತಾನಾಗಿ ಅದರ ಕಡೆಗೆ ಹೋಗುತ್ತದೆ. ಹಾಗೆ ತೆಗೆದ ಒಂದು ಪುಸ್ತಕದಲ್ಲಿ ಈ 22ರ ಚಿತ್ರವನ್ನು ನೋಡಿದೆ. ಚಿತ್ರದ ಕೆಳಗೆ ಅದರ ಚರಿತ್ರೆಯೂ ಇತ್ತು. ಆ ಚರಿತ್ರೆಯ ನಡುವೆ ಅರ್ಧ ವಾಕ್ಯವೊಂದು ಇತ್ತು: 1857ರ ದಂಗೆಯಲ್ಲಿ ಸೈನಿಕರನ್ನು ಸಾಗಿಸಿತು ಎಂದು. ಉಳಿದದ್ದೆಲ್ಲ ಮರೆತರೂ ಈ ಅರ್ಧ ವಾಕ್ಯ ಮಾತ್ರ ನನ್ನನ್ನು ಬಿಡಲಿಲ್ಲ. ಅದರ ಮಾತಿಗೆ ಬರುವ ಮುನ್ನ ಇಂಜಿನಿನ ಹುಟ್ಟು, ಮೈಕಟ್ಟುಗಳನ್ನು ಹೇಳುವುದು ಮರ್ಯಾದೆ.

22 ಹುಟ್ಟಿದ್ದು ಇಂಗ್ಲೆಂಡಿನ ಲೀಡ್ಸ್ ಪಟ್ಟಣದಲ್ಲಿ, ಕಿಟ್ಸನ್, ಥಾಮ್ಸನ್ ಮತ್ತು ಹೆವಿಟ್‌ಸನ್ ಎಂಬ ಕಂಪೆನಿಯ ಕಾರ್ಖಾನೆಯಲ್ಲಿ, 1855ರಲ್ಲಿ. ಅದೇ ವರ್ಷ ಹಡಗೇರಿ ಕಲ್ಕತ್ತಕ್ಕೆ ಬಂದಿತು. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಆದ್ದರಿಂದ ಆಗ ಬರುವ ಹಡಗುಗಳೆಲ್ಲ ಆಫ್ರಿಕದ ತುದಿಯನ್ನು ಬಳಸಿಯೇ ಬರಬೇಕು. ಆ ದಾರಿ ಎಷ್ಟು ಅನಿಶ್ಚಿತವಾದದ್ದು ಎಂಬುದಕ್ಕೆ ಈ ಕಂಪೆನಿಯ ಮೊದಲ ದಿನಗಳೇ ಸಾಕ್ಷಿ. ಕಂಪೆನಿಗೆ ಬೇಕಾದ ಮೊದಲ ಇಂಜಿನುಗಳನ್ನು ಹೊತ್ತ ಹಡಗು ದಾರಿ ತಪ್ಪಿ ಆಸ್ಟ್ರೇಲಿಯಕ್ಕೆ ಹೋಯಿತು! ಮಾದರಿ ಗಾಡಿಗಳನ್ನು ತರುತ್ತಿದ್ದ ‘ಗುಡ್ವಿನ್’ ಎಂಬ ಇನ್ನೊಂದು ಹಡಗು ಕಲ್ಕತ್ತದ ಬಾಗಿಲಿಗೆ ಬಂದು, ಹೂಗ್ಲಿ ನದಿಯ ಮುಖದ ಮರಳುದಿಬ್ಬದ ಬಳಿ ಮುಳುಗಿತು. ಕೊನೆಗೆ ಕಂಪೆನಿಯ ಇಂಜಿನಿಯರಾದ ಹಾಡ್ಜ್‌ಸನ್ ಎಂಬಾತನು ಕಲ್ಕತ್ತದಲ್ಲಿಯೇ ಗಾಡಿಗಳ ನಕ್ಷೆ ಬರೆದು, ಅಲ್ಲಿನ ಗಾಡಿ ಮಾಡುವವರಿಂದ ಕಟ್ಟಿಸಿದನು. ಬೊಂಬಾಯಿಯಲ್ಲಿ 1853ರ ಏಪ್ರಿಲ್ 16ರಂದು ಠಾಣೆಗೆ ಮೊದಲ ರೈಲು ಹೊರಟರೆ, ಹೌರಾದಿಂದ ಹೂಗ್ಲಿಗೆ ಹೊರಟದ್ದು 1854ರ ಆಗಸ್ಟ್ 15ರಂದು. ಹಡಗುಗಳು ಸರಿಯಾಗಿ ಬಂದಿದ್ದರೆ ಯಾರು ಮೊದಲಿಗರಾಗುತ್ತಿದ್ದರೋ! ನಮ್ಮ ಬೆಂಗಳೂರಿಗೆ ಜೋಲಾರಪೇಟೆಯ ಕಡೆಯಿಂದ ರೈಲು ಬಂದದ್ದು 1864ರಲ್ಲಿ. ಆ ಹೊತ್ತಿಗೆ 22 ಒಂಬತ್ತು ವರ್ಷ ಕೆಲಸ ಮಾಡಿಯಾಗಿತ್ತು.

ಇನ್ನು ಮೈಕಟ್ಟು. ನಾವು ಹಳೆಯ ಸಿನಿಮಾಗಳಲ್ಲಿ ನೋಡುವ ದೈತ್ಯಾಕಾರದ ಉಗಿ ಇಂಜಿನಿನ ಕಲ್ಪನೆಯನ್ನು ವಾಚಕರು ದಯವಿಟ್ಟು ಪಕ್ಕಕ್ಕಿಡಬೇಕು. ಇದು ಸಣ್ಣ ಪ್ರಾಣಿ. ತೂಕ ಸುಮಾರು 26 ಟನ್. ಮುಂದೆ ಒಂದು ಜೊತೆ ಸಣ್ಣ ಚಕ್ರ, ಹಿಂದೆ ಒಂದು ಜೊತೆ ಸಣ್ಣ ಚಕ್ರ, ನಡುವೆ ಆಳೆತ್ತರದ ಒಂದೇ ಜೊತೆ ದೊಡ್ಡ ಚಕ್ರ. ಹೊರಗಡೆ ಎರಡು ಸಿಲಿಂಡರುಗಳಿದ್ದು, ಅವುಗಳೊಳಗಿನ ಉಗಿಯ ತಳ್ಳಾಟವೆಲ್ಲ ಆ ನಡುವಿನ ಜೊತೆಗೇ ಸೇರುತ್ತದೆ. ಹಿಂದು ಮುಂದಿನವು ಭಾರ ಹೊರುವುದಕ್ಕೆ ಮಾತ್ರ. ನೀರಿಗೆ ಬೇರೆ ಗಾಡಿಯಿಲ್ಲ. ಹೊಟ್ಟೆಯ ಕೆಳಗೆ ಸುಮಾರು 3,000 ಲೀಟರು ಹಿಡಿಯುವ ತೊಟ್ಟಿ. ವೇಗ ಗಂಟೆಗೆ ಸುಮಾರು 40 ಕಿಲೋಮೀಟರು. ಇಂದಿನ ಬಸ್ಸಿನ ಡ್ರೈವರನು ಇದನ್ನು ಕೇಳಿ ನಗುತ್ತಾನೆ. ಆದರೆ ಎತ್ತಿನ ಗಾಡಿಯಲ್ಲಿ ದಿನಕ್ಕೆ ಹತ್ತು ಹನ್ನೆರಡು ಮೈಲಿ ಹೋಗುತ್ತಿದ್ದವನು ನಗುತ್ತಿರಲಿಲ್ಲ.

ಚಿತ್ರವನ್ನು ತಾತನಿಗೆ ತೋರಿಸಿದೆ. ಅವರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಬಹಳ ಹೊತ್ತು ನೋಡಿದರು.

“ಒಂದೇ ಜೊತೆ ಚಕ್ರಾನೇನೋ ಎಳೆಯೋದು? ಮಳೆ ಬಂದರೆ ಜಾರುತ್ತೆ ಕಣೋ.”

ನಾನು ಪುಸ್ತಕದಲ್ಲಿ ಓದಿ ತಿಳಿದುಕೊಳ್ಳಬೇಕಾಗಿದ್ದ ಸಂಗತಿಯನ್ನು ಅವರು ನೋಟದಲ್ಲೇ ಹಿಡಿದಿದ್ದರು. ಹಳಿಯ ಮೇಲೆ ಇಂಜಿನು ಕಚ್ಚಿಕೊಂಡು ನಿಲ್ಲುವುದು ಎಳೆಯುವ ಚಕ್ರಗಳ ಮೇಲೆ ಎಷ್ಟು ತೂಕ ಕುಳಿತಿದೆಯೋ ಅಷ್ಟರ ಬಲದಿಂದ. ತಾತ ಬೆಂಕಿ ಹಾಕುತ್ತಿದ್ದ ವೈ.ಪಿ. ಇಂಜಿನಿನಲ್ಲಿ ಆರು ಚಕ್ರಗಳನ್ನು ಉಕ್ಕಿನ ಸರಳುಗಳಿಂದ ಬಿಗಿದಿರುತ್ತಿತ್ತು. ಆರೂ ಒಟ್ಟಿಗೆ ತಿರುಗಿ ಒಟ್ಟಿಗೆ ಕಚ್ಚುತ್ತಿದ್ದವು. 22ರಲ್ಲಿ ಎಲ್ಲ ಹೊಣೆಯೂ ಎರಡರ ಮೇಲೆ. ಹಾಗಾದರೆ ಲೀಡ್ಸಿನವರಿಗೆ ಇದು ತಿಳಿಯದೇ? ತಿಳಿದಿತ್ತು. ಚಕ್ರ ದೊಡ್ಡದಾದಷ್ಟೂ ಪಿಸ್ಟನ್ನಿನ ಒಂದು ಬಡಿತಕ್ಕೆ ಗಾಡಿ ಹೆಚ್ಚು ದೂರ ಹೋಗುತ್ತದೆ. ಸರಳುಗಳ ತೊಡಕು ಇಲ್ಲದ್ದರಿಂದ ಹಗುರವಾಗಿ ಓಡುತ್ತದೆ. ಭಾರ ಕಡಮೆ, ಓಟ ಮುಖ್ಯ ಎಂಬಲ್ಲಿ, ಎಂದರೆ ಟಪ್ಪಾಲಿನ ಬಂಡಿಗೂ ಜನರ ಬಂಡಿಗೂ ಇದು ಆ ಕಾಲದ ಒಳ್ಳೆಯ ಉಪಾಯ. ಗಂಗಾ ಬಯಲಿನಂಥ ಸಮನೆಲದಲ್ಲಿ ಅದು ನಡೆಯಿತು. ನಮ್ಮ ಸಕಲೇಶಪುರದ ಘಾಟಿಗೆ ತಂದು ನಿಲ್ಲಿಸಿದ್ದರೆ ನಿಂತಲ್ಲೇ ಗಿರಗಿರನೆ ತಿರುಗುತ್ತಿತ್ತೇನೋ!

ಇನ್ನೊಂದು ಸಂಗತಿ ತಾತನಿಗೆ ನಂಬಿಕೆಯಾಗಲಿಲ್ಲ. ಉಗಿಯ ಬಲದಿಂದಲೇ ನೀರನ್ನು ಬಾಯ್ಲರಿಗೆ ನುಗ್ಗಿಸುವ ‘ಇಂಜೆಕ್ಟರ್’ ಎಂಬ ಸಲಕರಣೆಯನ್ನು ಫ್ರಾನ್ಸಿನ ಗಿಫಾರ್ ಕಂಡುಹಿಡಿದದ್ದು 1858ರಲ್ಲಿ. ಅದಕ್ಕೆ ಹಿಂದಿನ ಇಂಜಿನುಗಳಲ್ಲಿ ನೀರನ್ನು ಒತ್ತುವ ಪಂಪು ಇಂಜಿನಿನ ಚಲನೆಗೇ ತಗುಲಿಕೊಂಡಿರುತ್ತಿತ್ತು. ಎಂದರೆ ನೀರು ಬೇಕಾದರೆ ಇಂಜಿನು ಓಡಬೇಕು! ನಿಲ್ದಾಣದಲ್ಲಿ ಬಹಳ ಹೊತ್ತು ನಿಂತು ನೀರು ಇಳಿದರೆ, ಬಂಡಿಯನ್ನು ಕಳಚಿ, ಇಂಜಿನೊಂದನ್ನೇ ಹಿಂದಕ್ಕೂ ಮುಂದಕ್ಕೂ ಓಡಾಡಿಸಬೇಕು. ತಾತ ತಲೆಯಲ್ಲಾಡಿಸಿದರು. ಗಾಜಿನ ಕೊಳವೆಯಲ್ಲಿ ನೀರಿನ ಮಟ್ಟ ಕೆಳಗಿಳಿದರೆ ಫೈರ್‌ಮನ್ನನ ಜೀವ ಬಾಯಿಗೆ ಬರುತ್ತದಂತೆ. ಬೆಂಕಿಯ ಗೂಡಿನ ನೆತ್ತಿ ನೀರಿನಿಂದ ಹೊರಬಿದ್ದರೆ ಕಾದು ಮೆತ್ತಗಾಗಿ ಬಾಯ್ಲರು ಸಿಡಿಯಬಹುದು. ಅದಕ್ಕಾಗಿಯೇ ಅಲ್ಲಿ ಸೀಸದ ಬಿರಡೆ ಇಟ್ಟಿರುತ್ತಾರೆ. ಅದು ಮೊದಲು ಕರಗಿ, ಉಗಿ ಕೆಳಗೆ ನುಗ್ಗಿ ಬೆಂಕಿಯನ್ನು ಆರಿಸುತ್ತದೆ. “ಬಿರಡೆ ಕರಗಿತು ಅಂದರೆ ಮಾನ ಹೋಯಿತು ಅಂತ ಲೆಕ್ಕ” ಎಂದರು. ಐವತ್ತು ವರ್ಷದ ಹಿಂದಿನ ಆ ಭಯ ಅವರ ಮುಖದಲ್ಲಿ ಇನ್ನೂ ಇತ್ತು.

22 ಓಡಿದ್ದು ಹೌರಾದಿಂದ ರಾಣಿಗಂಜಿಗೆ, 121 ಮೈಲಿ. ಈ ದಾರಿ ತೆರೆದದ್ದು 1855ರ ಫೆಬ್ರವರಿಯಲ್ಲಿ. ರಾಣಿಗಂಜ್ ಎಂದರೆ ಕಲ್ಲಿದ್ದಲು. ಇಂಜಿನಿನ ಆಹಾರವೂ ಅಲ್ಲಿಯೇ, ಕಂಪೆನಿಯ ಲಾಭದ ಆಸೆಯೂ ಅಲ್ಲಿಯೇ. ನಮ್ಮ ಇಂಜಿನಿನ ಪಾಲಿಗೆ ಬಂದದ್ದು ಹಗುರವಾದ ಟಪ್ಪಾಲಿನ ಬಂಡಿಗಳು. ಅದರ ಹಿಂದೆ ಎಂಥೆಂಥ ಕಾಗದಗಳು ಹೋದುವೋ! ಮಗ ಹುಟ್ಟಿದ ಸುದ್ದಿ, ಸಾಲದ ತಗಾದೆ, ಕಂಪೆನಿ ಸರ್ಕಾರದ ಹುಕುಮು. ಜನರೂ ಹೋದರು. ಜಾತಿಕಟ್ಟಿನ ಹಿಂದೂಗಳು ಒಂದೇ ಗಾಡಿಯಲ್ಲಿ ಕೂರಲಾರರು ಎಂದು ಮೊದಲು ಅನುಮಾನಿಸಿದವರು ಬಹಳ ಮಂದಿ. ಮೂರನೆಯ ದರ್ಜೆ ತುಂಬಿ ತುಳುಕಿ ಅವರ ಬಾಯಿ ಮುಚ್ಚಿಸಿತು.

ಎರಡು ವರ್ಷ ಕಳೆಯುವಷ್ಟರಲ್ಲಿ 1857 ಬಂದಿತು. ಮೇ ತಿಂಗಳಲ್ಲಿ ಮೀರತ್ತಿನಲ್ಲಿ ಹೊತ್ತಿದ ಕಿಚ್ಚು ದೆಹಲಿಗೆ ಹಬ್ಬಿ, ಗಂಗಾ ಬಯಲಿನಲ್ಲೆಲ್ಲ ಹರಡತೊಡಗಿತು. ಕಲ್ಕತ್ತದಲ್ಲಿ ಬಂದಿಳಿಯುವ ಇಂಗ್ಲಿಷ್ ಸೈನ್ಯವನ್ನು ಕಾಶಿ, ಅಲಹಾಬಾದುಗಳಿಗೆ ಮುಟ್ಟಿಸಬೇಕು. ರೈಲು ಇದ್ದದ್ದು ರಾಣಿಗಂಜಿನವರೆಗೆ ಮಾತ್ರ. ಅಲ್ಲಿಂದ ಮುಂದೆ ಎತ್ತಿನ ಗಾಡಿ, ಕುದುರೆಗಾಡಿ. ಆದರೂ ಕಾಲ್ನಡಿಗೆಯಲ್ಲಿ ವಾರಕ್ಕೂ ಮೀರುವ ಈ 121 ಮೈಲಿಯನ್ನು ರೈಲು ಒಂದು ಹಗಲಿನಲ್ಲಿ ಮುಗಿಸಿಬಿಡುತ್ತಿತ್ತು.

ಆ ದಿನಗಳ ಒಂದು ಪ್ರಸಂಗ ಇತಿಹಾಸದಲ್ಲಿ ದಾಖಲಾಗಿದೆ. ಮದರಾಸಿನಿಂದ ಕರ್ನಲ್ ಜೇಮ್ಸ್ ನೀಲ್ ಎಂಬಾತನು ಮದರಾಸ್ ಫ್ಯೂಸಿಲಿಯರ್ಸ್ ಎಂಬ ಪಡೆಯೊಡನೆ ಕಲ್ಕತ್ತಕ್ಕೆ ಬಂದನು. ಹೌರಾ ನಿಲ್ದಾಣದಲ್ಲಿ ಬಂಡಿ ಹೊರಡುವ ಹೊತ್ತಾಗಿದೆ. ಸೈನಿಕರಲ್ಲಿ ಕೆಲವರು ಇನ್ನೂ ದೋಣಿಯಲ್ಲಿ ಹೊಳೆ ದಾಟುತ್ತಿದ್ದಾರೆ. ಬಂಡಿ ಯಾರಿಗೂ ಕಾಯುವುದಿಲ್ಲ ಎಂದರು ರೈಲಿನವರು. ನೀಲ್ ಏನು ಮಾಡಿದನು? ಸ್ಟೇಷನ್ ಮಾಸ್ತರನನ್ನೂ, ಇಂಜಿನು ನಡೆಸುವವನನ್ನೂ, ಬೆಂಕಿ ಹಾಕುವವನನ್ನೂ ಹಿಡಿದು ಕಾವಲಿನಲ್ಲಿಟ್ಟನು! ಕೊನೆಯ ಸೈನಿಕನು ಹತ್ತಿದ ಮೇಲೆ ಅವರನ್ನು ಬಿಟ್ಟನು; ಬಂಡಿ ಕೆಲವು ನಿಮಿಷ ತಡವಾಗಿ ಹೊರಟಿತು. ಆ ಕಾಲದ ಇಂಗ್ಲಿಷರಿಗೆ ಈ ಕಥೆ ಬಹಳ ಪ್ರಿಯವಾಗಿತ್ತು. ದಿಟ್ಟತನಕ್ಕೆ ಇದು ನಿದರ್ಶನ ಎಂದು ಕೊಂಡಾಡಿದರು.

ಕಥೆಯ ಮುಂದಿನ ಭಾಗವನ್ನು ನಾವು ಓದಬೇಕು. ರೈಲಿಳಿದು ಮುಂದೆ ಹೋದ ನೀಲ್ ಕಾಶಿಯಲ್ಲಿಯೂ ಅಲಹಾಬಾದಿನಲ್ಲಿಯೂ ನಡೆಸಿದ್ದು ಯುದ್ಧವಲ್ಲ, ಸೇಡು. ಊರುಗಳಿಗೆ ಬೆಂಕಿ, ಮರಮರಕ್ಕೆ ನೇಣು. ದಂಗೆಯೆದ್ದವನು ಯಾರು, ತನ್ನ ಹೊಲದಲ್ಲಿ ನಿಂತಿದ್ದವನು ಯಾರು ಎಂಬ ವಿಚಾರಣೆಗೆ ಅಲ್ಲಿ ಪುರಸತ್ತಿರಲಿಲ್ಲ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಲಖನೌ ನಗರದಲ್ಲಿ ಅವನು ಗುಂಡೇಟಿನಿಂದ ಸತ್ತನು. ಕನ್ನಡಿಗರಾದ ನಮಗೆ 1857 ಎಂದರೆ ಹಲಗಲಿಯ ಬೇಡರು ನೆನಪಾಗುತ್ತಾರೆ. ಆಯುಧ ಕೊಡೆವೆಂದು ನಿಂತ ಆ ಊರನ್ನು ಸುಟ್ಟ ಕಥೆಯನ್ನು ಲಾವಣಿಯಾಗಿ ಕೇಳಿದ್ದೇವೆ. ಅಲಹಾಬಾದಿನ ಸುತ್ತ ಅಂಥ ಹಲಗಲಿಗಳು ಎಷ್ಟು ಸುಟ್ಟವೋ! ಎಲ್ಲಕ್ಕೂ ಲಾವಣಿ ಕಟ್ಟುವವರು ಸಿಕ್ಕಿರಲಾರರು.

ಆ ದಾರಿಯಲ್ಲಿ ಸೈನ್ಯವನ್ನು ಎಳೆದ ಇಂಜಿನುಗಳಲ್ಲಿ 22 ಒಂದು. ಇದನ್ನೇ ನಾವು 1972ರಲ್ಲಿ ರಾಷ್ಟ್ರದ ಪಾರಂಪರಿಕ ಸಂಪತ್ತು ಎಂದು ಗೌರವಿಸಿ, ರಾಜಧಾನಿಯಲ್ಲಿ ಅದಕ್ಕಾಗಿಯೇ ಸ್ಥಳ ಕಟ್ಟಿ, ಬಣ್ಣ ಬಳಿದು, ಹೂವು ಮುಡಿಸಿದ್ದೇವೆ. ಇದು ಸರಿಯೇ?

ಹಾಸ್ಟೆಲಿನ ಕೋಣೆಯಲ್ಲಿ ಒಂದು ರಾತ್ರಿ ಈ ಪ್ರಶ್ನೆಯನ್ನು ಹಾಕಿದೆ. ನನ್ನ ಜೊತೆಯವನು ಥಟ್ಟನೆ, “ಸರಿಯಲ್ಲ. ನೀಲನ ವಿಗ್ರಹವನ್ನು ಕಿತ್ತೆಸೆಯಲಿಲ್ಲವೇ? ಇದನ್ನೂ ಕರಗಿಸಬೇಕಾಗಿತ್ತು” ಎಂದನು. ಅವನ ಮಾತಿನಲ್ಲಿ ಹುರುಳಿತ್ತು. ಮದರಾಸಿನ ಮೌಂಟ್ ರೋಡಿನಲ್ಲಿ ಇಂಗ್ಲಿಷರು ನೀಲನಿಗೆ ವಿಗ್ರಹ ನಿಲ್ಲಿಸಿದ್ದರು. ಅದನ್ನು ತೆಗೆಯಬೇಕೆಂದು 1927ರಲ್ಲಿ ಸತ್ಯಾಗ್ರಹ ನಡೆದು ಅನೇಕರು ಸೆರೆಮನೆ ಸೇರಿದರು. ಕಡೆಗೆ 1937ರಲ್ಲಿ ರಾಜಾಜಿಯವರ ಸರ್ಕಾರ ಬಂದಾಗ ವಿಗ್ರಹ ರಸ್ತೆಯಿಂದ ಇಳಿಯಿತು. ಆದರೆ ಅದನ್ನು ಕರಗಿಸಲಿಲ್ಲ. ಮುಂದೆ ಎಗ್ಮೂರಿನ ವಸ್ತುಸಂಗ್ರಹಾಲಯಕ್ಕೆ ಹೋಯಿತು. ಹಾಗೆ ನೋಡಿದರೆ ನೀಲನೂ ವಸ್ತುಸಂಗ್ರಹಾಲಯದ ಪಾಲು, ಅವನ ಪಡೆಯ ದಾರಿಯಲ್ಲಿ ಓಡಿದ ಇಂಜಿನೂ ವಸ್ತುಸಂಗ್ರಹಾಲಯದ ಪಾಲು.

ರಜೆಗೆ ಊರಿಗೆ ಹೋದಾಗ ತಾತನನ್ನೂ ಕೇಳಿದೆ. ಅವರು, “ಹಿಂದೆ ಯಾರು ಕೂತಿದ್ದಾರೆ ಅಂತ ಇಂಜಿನಿಗೇನು ಗೊತ್ತು?” ಎಂದರು. ಸ್ವಲ್ಪ ಹೊತ್ತು ಬಿಟ್ಟು, “ನಮಗೇನು ಗೊತ್ತಾಗುತ್ತಿತ್ತು? ನಾವು ನೋಡುತ್ತಿದ್ದದ್ದು ಬೆಂಕಿ, ನೀರು, ಸಿಗ್ನಲ್ಲು” ಎಂದರು. ಈ ಉತ್ತರ ನನ್ನನ್ನು ಪೂರ್ತಿಯಾಗಿ ಒಪ್ಪಿಸಲಿಲ್ಲ. ಹೌರಾದಲ್ಲಿ ಕಾವಲಿನಲ್ಲಿ ನಿಂತ ಆ ಬೆಂಕಿ ಹಾಕುವವನಿಗೆ ಅಂದು ಯಾರು ಹತ್ತುತ್ತಿದ್ದಾರೆಂದು ಚೆನ್ನಾಗಿಯೇ ತಿಳಿದಿತ್ತು. ಆದರೂ ಸಲಿಕೆ ಹಿಡಿಯುವುದರ ಹೊರತು ಅವನಿಗೆ ಬೇರೆ ದಾರಿಯಿತ್ತೇ?

ಬಹಳ ಯೋಚಿಸಿ ನಾನು ಬಂದ ತೀರ್ಮಾನ ಇಷ್ಟು. ವಿಗ್ರಹವನ್ನು ಮಾಡಿದ್ದೇ ಒಬ್ಬನನ್ನು ಪೂಜಿಸುವುದಕ್ಕಾಗಿ. ಪೂಜೆ ನಿಂತ ಮೇಲೆ ಬೀದಿಯಲ್ಲಿ ಅದಕ್ಕೆ ಕೆಲಸವಿಲ್ಲ. ಇಂಜಿನನ್ನು ಮಾಡಿದ್ದು ಎಳೆಯುವುದಕ್ಕೆ. ಅದು ನೀಲನಂಥವರ ಪಡೆಗಳನ್ನೂ ಎಳೆಯಿತು, ಯಾವನೋ ಬಂಗಾಳಿ ಗುಮಾಸ್ತನ ಕಾಗದವನ್ನೂ ಎಳೆಯಿತು. ಅದನ್ನು ಕರಗಿಸಿದ್ದರೆ ಎರಡಕ್ಕೂ ಸಾಕ್ಷಿ ಉಳಿಯುತ್ತಿರಲಿಲ್ಲ. ಉಳಿಸಿಕೊಂಡದ್ದು ಸರಿ. ಆದರೆ ಉಳಿಸಿಕೊಂಡವರು ಅದು ಕಂಡದ್ದನ್ನೆಲ್ಲ ಹೇಳಬೇಕು. ಅದರ ಬಗ್ಗೆ ನಾನು ಓದಿದ ಬರಹಗಳಲ್ಲಿ ಗಿನ್ನೆಸ್ ದಾಖಲೆಗೆ ಒಂದು ಪುಟ, 1857ಕ್ಕೆ ಅರ್ಧ ವಾಕ್ಯ. ಈ ಲೆಕ್ಕ ನನಗೆ ಒಪ್ಪಿಗೆಯಿಲ್ಲ. ಇತಿಹಾಸದ ನಮ್ಮ ಗುರುಗಳೊಬ್ಬರ ಮುಂದೆ ಇದನ್ನು ಹೇಳಿದಾಗ ಅವರು ನಕ್ಕು, “ಹಾಗಾದರೆ ಫಿರಂಗಿಯನ್ನು ಎಲ್ಲಿಡುತ್ತೀಯಪ್ಪಾ? ಅದಕ್ಕೆ ಒಂದೇ ಕೆಲಸ” ಎಂದರು. ಇದಕ್ಕೆ ಉತ್ತರವನ್ನು ನಾನಿನ್ನೂ ಹುಡುಕುತ್ತಿದ್ದೇನೆ.

ಇನ್ನು ಉಳಿದ ಕಥೆ. ದಂಗೆ ಅಡಗಿದ ಮೇಲೆ ಹಳಿ ಮುಂದುಮುಂದಕ್ಕೆ ಬೆಳೆಯಿತು. ದೊಡ್ಡ ಇಂಜಿನುಗಳು ಬಂದುವು. 22ಕ್ಕೆ ಬಿಹಾರದ ಕಡೆ ಹೊಸ ಹಾದಿ ಹಾಕುವಲ್ಲಿ ಸಾಮಾನು ಎಳೆಯುವ ಕೆಲಸ ಸಿಕ್ಕಿತು. ಹಳೆಯ ಕುದುರೆಯನ್ನು ಗಾಣಕ್ಕೆ ಕಟ್ಟಿದ ಹಾಗೆ. 1895ರಲ್ಲಿ ಹೆಸರಿಟ್ಟದ್ದು ಈ ಇಳಿಗಾಲದಲ್ಲೇ. 1909ರಲ್ಲಿ ನಿವೃತ್ತಿ. ಆಮೇಲೆ 34 ವರ್ಷ ಹೌರಾ ನಿಲ್ದಾಣದ ಹೊರಗೆ ಕಟ್ಟೆಯ ಮೇಲೆ ಬಿಸಿಲು ಮಳೆಗಳಲ್ಲಿ ನಿಂತಿತು. 1943ರಲ್ಲಿ ಉತ್ತರ ಪ್ರದೇಶದ ಚಂದೌಸಿಯಲ್ಲಿರುವ ರೈಲ್ವೆ ತರಬೇತಿ ಶಾಲೆಗೆ ಸಾಗಿಸಿದರು. ಅಲ್ಲಿ ಹೊಸ ನೌಕರರು ಅದನ್ನು ಮುಟ್ಟಿ, ಬಗ್ಗಿ ನೋಡಿ ಪಾಠ ಕಲಿತರು. ವಿದ್ಯಾರ್ಥಿಗಳ ನಡುವೆ ಕಳೆದ ಈ ಮೂವತ್ತು ವರ್ಷವೇ ಅದರ ಬಾಳಿನ ನೆಮ್ಮದಿಯ ಕಾಲ ಎಂದು ನನ್ನ ಊಹೆ.

ಬೊಂಬಾಯಿ–ಠಾಣೆಯ ಮೊದಲ ಬಂಡಿಯನ್ನು ಎಳೆದವು ಸಾಹಿಬ್, ಸಿಂಧ್, ಸುಲ್ತಾನ್ ಎಂಬ ಮೂರು ಇಂಜಿನುಗಳು. ಹದಿನಾಲ್ಕು ಗಾಡಿ, ನಾನ್ನೂರು ಅತಿಥಿಗಳು, ತೋಪಿನ ಸಲಾಮು. ಪ್ರತಿ ಶಾಲೆಯ ಪುಸ್ತಕದಲ್ಲಿಯೂ ಅವುಗಳ ಹೆಸರಿದೆ. ಆದರೆ ಮೂರರಲ್ಲಿ ಒಂದೂ ಇಂದು ಉಳಿದಿಲ್ಲ. ಉಳಿದದ್ದು ಯಾವ ಉತ್ಸವದಲ್ಲಿಯೂ ಮುಂದೆ ನಿಲ್ಲದ 22. ಅದರ ಜೊತೆಯ 21ನೆಯ ನಂಬರು ‘ಎಕ್ಸ್‌ಪ್ರೆಸ್’ ಎಂಬುದೂ ಜಮಾಲ್‌ಪುರದ ಕಾರ್ಖಾನೆಯಲ್ಲಿ ಪ್ರದರ್ಶನಕ್ಕೆ ನಿಂತು ಉಳಿಯಿತು. 2010ರಲ್ಲಿ ಅದನ್ನೂ ಓಡುವಂತೆ ಮಾಡಿದರು.

ಹಳೆಯ ಇಂಜಿನುಗಳನ್ನು ಕಾಪಾಡಬೇಕೆಂಬ ಯೋಚನೆ ಸರ್ಕಾರಕ್ಕೆ ಗಟ್ಟಿಯಾಗಿ ಬಂದಾಗ ಸಲಹೆಗಾರನಾಗಿ ದುಡಿದವನು ಮೈಕೆಲ್ ಸ್ಯಾಟೋ ಎಂಬ ಇಂಗ್ಲಿಷರವನು. ಕಟ್ಟಿದವರೂ ಅವರೇ, ಕಾಪಾಡಿ ಎಂದವರೂ ಅವರಲ್ಲೊಬ್ಬನೇ ಎಂಬುದು ವಿಚಿತ್ರವಾದರೂ ನಿಜ. ದೆಹಲಿಯ ಚಾಣಕ್ಯಪುರಿಯಲ್ಲಿ ರಾಷ್ಟ್ರೀಯ ರೈಲು ವಸ್ತುಸಂಗ್ರಹಾಲಯ 1977ರಲ್ಲಿ ತೆರೆಯಿತು. 22 ಅಲ್ಲಿಗೆ ಬಂದಿತು. ಎರಡೇ ವರ್ಷದಲ್ಲಿ, 1979ರಲ್ಲಿ, ನಮ್ಮ ಮೈಸೂರಿನಲ್ಲಿಯೂ ರೈಲು ವಸ್ತುಸಂಗ್ರಹಾಲಯ ಆಯಿತು.

1995ರ ಡಿಸೆಂಬರಿನಲ್ಲಿ ನಮ್ಮ ದೇಶದ ಬ್ರಾಡ್ ಗೇಜ್ ಹಳಿಗಳ ಮೇಲೆ ಕ್ರಮಬದ್ಧವಾದ ಉಗಿಬಂಡಿಗಳ ಓಡಾಟ ನಿಂತಿತು. ಚಿತ್ತರಂಜನದ ಕಾರ್ಖಾನೆ ಉಗಿ ಇಂಜಿನು ಮಾಡುವುದನ್ನು ನಿಲ್ಲಿಸಿ ಆಗಲೇ ಇಪ್ಪತ್ತು ವರ್ಷಕ್ಕೂ ಮೀರಿತ್ತು. ಎಲ್ಲ ಮುಗಿಯಿತು ಎನ್ನುವ ಹೊತ್ತಿಗೆ, 22ನ್ನು ಮತ್ತೆ ಓಡಿಸೋಣ ಎಂದು ಹೊರಟರು! ಆ ಕೆಲಸ ಬಿದ್ದದ್ದು ಮದರಾಸಿನ ಪೆರಂಬೂರು ಕಾರ್ಖಾನೆಗೆ. ಅದು 1856ರಲ್ಲಿ ಸ್ಥಾಪನೆಯಾದದ್ದು. ಎಂದರೆ ರೋಗಿಗಿಂತ ವೈದ್ಯ ಒಂದು ವರ್ಷ ಕಿರಿಯ. 88 ವರ್ಷ ಬೆಂಕಿ ಕಾಣದ ಇಂಜಿನಿನ ಬಿಡಿಭಾಗಗಳು ಯಾವ ಅಂಗಡಿಯಲ್ಲಿ ಸಿಕ್ಕಬೇಕು? ಉಗಿಯ ಕಾಲದಲ್ಲಿ ಪಳಗಿದ ಕೈಗಳಿದ್ದವು, ಅವುಗಳಿಂದ ಕೆಲಸವಾಯಿತು. ಇನ್ನು ಹತ್ತು ಹದಿನೈದು ವರ್ಷ ತಡೆದಿದ್ದರೆ ಆ ಕೈಗಳೂ ನಿವೃತ್ತಿಯಾಗಿ ಮನೆ ಸೇರುತ್ತಿದ್ದವು. ಇಂಜಿನನ್ನು ಗಾಜಿನ ಮನೆಯಲ್ಲಿ ಉಳಿಸಬಹುದು. ಬೆಂಕಿಯನ್ನು ಹೇಗೆ ಹರಡಬೇಕು, ಯಾವ ಸದ್ದಿಗೆ ಯಾವ ಬೋಲ್ಟನ್ನು ಬಿಗಿಯಬೇಕು ಎಂಬುದನ್ನು ಎಲ್ಲಿ ಇಡುವುದು? 1997ರ ಜುಲೈ 18ರಂದು 22 ದೆಹಲಿಯಿಂದ ಹೊರಟು, 143 ಕಿಲೋಮೀಟರು ದೂರದ ಅಲ್ವಾರಿಗೆ ಓಡಿತು.

ಆ ವರ್ಷದ ಕೊನೆಯಿಂದ ಪ್ರವಾಸಿಗಳಿಗಾಗಿ ಬಂಡಿ ಏರ್ಪಾಡಾಯಿತು. ಒಮ್ಮೆಗೆ ಅರವತ್ತು ಜನ. 1998ರಲ್ಲಿ, ಕ್ರಮವಾಗಿ ಓಡುತ್ತಿರುವ ಉಗಿ ಇಂಜಿನುಗಳಲ್ಲಿ ಜಗತ್ತಿನಲ್ಲೇ ಅತ್ಯಂತ ಹಳೆಯದು ಎಂದು ಗಿನ್ನೆಸ್ಸಿನವರು ಒಪ್ಪಿಕೊಂಡರು. 1999ರಲ್ಲಿ ರಾಷ್ಟ್ರೀಯ ಪ್ರವಾಸೋದ್ಯಮ ಪ್ರಶಸ್ತಿಯನ್ನು ಪ್ರಧಾನಿ ವಾಜಪೇಯಿಯವರು ಕೊಟ್ಟರು. ಹಿಂದೊಮ್ಮೆ ಮೂರನೆಯ ದರ್ಜೆಯವರನ್ನೂ ಒಯ್ದ ಇಂಜಿನಿನ ಹಿಂದೆ ಈಗ ಹವಾನಿಯಂತ್ರಿತ ಗಾಡಿ! ಟಿಕೆಟ್ಟು ನಮ್ಮಂಥವರ ಜೇಬಿಗೆ ಹೊಂದುವಂಥದಾಗಿರಲಿಲ್ಲ. ಇರಲಿ, ರಾಣಿಯಲ್ಲವೇ.

2011ರಲ್ಲಿ ದೆಹಲಿಯಲ್ಲಿ ನಿಂತಿದ್ದಾಗ ಯಾರೋ ಅದರ ಬಿಡಿಭಾಗಗಳನ್ನು ಕಿತ್ತು ಕದ್ದೊಯ್ದರು. ದಂಗೆಯ ಕಾಲದಲ್ಲಿ ಉಳಿದದ್ದು, 34 ವರ್ಷ ಬಯಲಿನಲ್ಲಿ ನಿಂತು ಉಳಿದದ್ದು, ಗೌರವದ ನೆರಳಿನಲ್ಲಿ ನಿಂತಾಗ ಲೂಟಿಯಾಯಿತು. ಕದ್ದವರಿಗೆ ಅದು ಹಿತ್ತಾಳೆ, ತಾಮ್ರ, ತೂಕದ ಲೆಕ್ಕ. ಮತ್ತೆ ಪೆರಂಬೂರಿಗೆ ಪ್ರಯಾಣ. ಇಲ್ಲದ ಭಾಗಗಳನ್ನು ಹೊಸದಾಗಿ ಮಾಡಿ ಜೋಡಿಸಿ, 2012ರ ಕೊನೆಗೆ ಅದಕ್ಕೆ ಜೀವ ಬರಿಸಿದರು. ಪ್ರಯಾಣಿಕರೊಡನೆ ಅದು ಮತ್ತೆ ಹಾದಿಗಿಳಿದದ್ದು 2017ರ ಫೆಬ್ರವರಿಯಲ್ಲಿ, ರೇವಾರಿಯ ಕಡೆಗೆ.

ಆ ಓಟದ ಚಲನಚಿತ್ರ ಫೋನಿನಲ್ಲಿ ಸಿಕ್ಕಿತು. ತಾತನಿಗೆ ತೋರಿಸಿದೆ. ಹಸಿರು ಬಣ್ಣ, ಹಿತ್ತಾಳೆಯ ಹೊಳಪು, ಸುತ್ತ ಜನ, ಹಾರ. ಅವರು ಇದಾವುದನ್ನೂ ನೋಡಲಿಲ್ಲ. ಫೋನನ್ನು ಕಣ್ಣಿನ ಹತ್ತಿರಕ್ಕೆ ಹಿಡಿದು ಹೊಗೆಕೊಳವೆಯ ತುದಿಯನ್ನೇ ನೋಡುತ್ತಿದ್ದರು. ಮೊದಲು ಕಪ್ಪಾಗಿ ಬಂದ ಹೊಗೆ ಇಂಜಿನು ವೇಗ ಹಿಡಿದಂತೆಲ್ಲ ತಿಳಿಯಾಗಿ, ಕೊನೆಗೆ ಬೆಳ್ಳಗಿನ ಉಗಿಯೊಂದೇ ಉಳಿಯಿತು.

“ಬೆಂಕಿ ಹಾಕೋನು ಕೆಲಸ ಬಲ್ಲೋನೇ. ಯಾರಂತೆ?” ಎಂದು ಕೇಳಿದರು.

ಚಿತ್ರದ ಕೆಳಗೆ ಇಂಜಿನಿನ ಹೆಸರಿತ್ತು, ಹುಟ್ಟಿದ ವರ್ಷವಿತ್ತು.